ಯಲ್ಲೇಶನ ಕಲಾಚಿತ್ರ

ಕೊಣ್ಣೂರಿನಲ್ಲಿ ಮದುವೆಯ ವಿಡಿಯೋ ತೆಗೆಯುವ ಯಲ್ಲೇಶ, ಕಲಾಚಿತ್ರಗಳನ್ನು ಅಣಕಿಸಿ ಒಂದು ನಗೆಚಿತ್ರ ಮಾಡಲು ಹೊರಟಾಗಿನಿಂದ ಕಣ್ಣು ಅರೆಮುಚ್ಚಿಯೇ ಮಾತಾಡುತ್ತಾನೆ. ಚಹಾ ಬಂದರೆ ಕುಡಿಯುವುದಿಲ್ಲ, ಅದು ಆರುವುದನ್ನೇ ನೋಡುತ್ತ ಕೂರುತ್ತಾನೆ. ಕೇಳಿದರೆ, "ಏನೂ ಆಗಬಾರದ್ರಿ, ಅದ ಆರ್ಟ್" ಎನ್ನುತ್ತಾನೆ. ಮದುಮಗಳಿಗೂ "ನಗಬ್ಯಾಡವಾ, ಗ್ವಾಡಿ ನೋಡು" ಎಂದು ಬೀಗರಿಂದ ಬೈಸಿಕೊಂಡವನು. ಹನ್ನೊಂದು ನಿಮಿಷದ ಆ ಚಿತ್ರದಲ್ಲಿ ಇರುವುದಿಷ್ಟೇ: ಅಪ್ಪ ಮಾಯಪ್ಪನ ಕುರಿಹಿಂಡು ಕಬ್ಬಿನ ಹೊಲದ ಬದಿಗೆ ಮೆಲ್ಲಗೆ ಹೋಗುತ್ತದೆ, ಮೆಲ್ಲಗೆ ತಿರುಗಿ ಬರುತ್ತದೆ, ನಡುವೆ ಒಬ್ಬ ಖಾಲಿ ಬಕೆಟ್ಟಿಗೆ ಪ್ರೇಮಪತ್ರ ಓದುತ್ತಾನೆ. ಅಪ್ಪ ಹುಕ್ಕೇರಿಗೆ ಹೋಗಿದ್ದ ದಿನ ತೆಗೆದದ್ದು. ಅಂದು ಕಬ್ಬಿನೊಳಗೆ ನುಗ್ಗಿದ ಒಂದು ಕುರಿ ಹೊರಗೆ ಬರಲೇ ಇಲ್ಲ. "ರಾತ್ರಿ ಹಟ್ಟಿಗೆ ತೋಳ ಬಂದಿತ್ತಪಾ" ಎಂದು ಮರುದಿನ ಊರಿಗೆ ಮರಳಿದ ಅಪ್ಪನಿಗೆ ಯಲ್ಲೇಶ ಸುಳ್ಳು ಹೇಳಿದ. ಆಮೇಲೆ ನಾಯಿ ಬೊಗಳಿದರೂ ಬೆಚ್ಚುತ್ತಿದ್ದ. ಚಿತ್ರ ತೋರಿಸುವ ದಿನ ಅಪ್ಪ ಮುಂದಿನ ಸಾಲಿನಲ್ಲೇ ಬಂದು ಕೂತಾಗ ಯಲ್ಲೇಶ, ಮುದುಕನಿಗೆ ನಿದ್ದೆ ಬರಲಿ ದೇವರೇ ಎಂದು ಬೇಡಿಕೊಂಡ. ಬಕೆಟ್ಟು ಕಂಡದ್ದೇ ಜನ ಬಿದ್ದು ಬಿದ್ದು ನಕ್ಕರು. ಮಾಯಪ್ಪ ನಗಲೂ ಇಲ್ಲ, ಮಲಗಲೂ ಇಲ್ಲ. ಕುರಿ ಕಂಡಲ್ಲಿ ಎಣಿಸುವುದು ಅವನ ಹುಟ್ಟುಗುಣ. ಹಿಂಡು ಹೋಗುವಾಗಲೂ ಬರುವಾಗಲೂ ಅವನ ತುಟಿಗಳು ಅಲುಗುತ್ತಲೇ ಇದ್ದವು. ದೀಪ ಹತ್ತಿದಾಗ ಮಗನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ: "ಹೋಗೂಮುಂದ ಎಂಬತ್ತು, ಬರೂಮುಂದ ಎಪ್ಪತ್ತೊಂಬತ್ತು. ತೋಳ ಹಗಲಾಗ ಬಂದಿತ್ತೇನೋ, ತಮ್ಮಾ?"