ಮೀನು ಮಾರುವ ಅಕ್ಕನ ಹಲ್ಲು

ಅಕ್ಕ ನಕ್ಕರೆ ಮೊದಲು ಕಾಣುವುದು ಹಲ್ಲು, ಒಡೆದ ತೆಂಗಿನಕಾಯಿಯ ಬಿಳುಪು. ತಲೆ ಮೇಲೆ ಮೀನಿನ ಬುಟ್ಟಿ, ಬಾಯಿ ತುಂಬ ನಗು. ಮರವಂತೆಯಲ್ಲಿ ನಮ್ಮ ಪಕ್ಕದ ಮನೆಯವಳು. ಒಡಹುಟ್ಟಿದವಳಲ್ಲ, ಆದರೂ ಅವಳು ಹೇಳಿದ್ದೇ ನನಗೆ ವೇದವಾಕ್ಯ.

"ಪೇಸ್ಟ್ ಎಂತಕ್ಕೆ ಮಾರಾಯ್ತಿ? ಬರೀ ನೊರೆ. ಮಾವಿನೆಲೆ ಇತ್ತ್, ಉಮಿಕರಿ ಇತ್ತ್. ನನ್ನ ಹಲ್ಲು ಕಾಣ್!"

ಕಂಡೆ, ನಂಬಿದೆ. ಮಾವಿನೆಲೆ ಸುರುಳಿ ಸುತ್ತಿ, ಸುಟ್ಟ ಉಮಿಯ ಕರಿಗೆ ಉಪ್ಪು ಬೆರೆಸಿ ತಿಕ್ಕಿದ್ದೇ ತಿಕ್ಕಿದ್ದು. ಹಲ್ಲು ಸವೆದು ತಣ್ಣೀರಿಗೆ ಜುಂ ಎನ್ನುವಾಗಲೂ "ನೀ ಸಮ ತಿಕ್ಕುದಿಲ್ಲೆ" ಅಂದಳು. ಇನ್ನೂ ಗಟ್ಟಿ ತಿಕ್ಕಿದೆ. ದವಡೆ ಹಲ್ಲೇ ಹೋದವು.

ಅಷ್ಟರಲ್ಲಿ ಮೊಮ್ಮಗಳಿಗೆ ಮೊದಲ ಹಲ್ಲು ಬಂತು ನೋಡಿ! ಅಕ್ಕಿಕಾಳಿನಷ್ಟು. ನನಗೆ ಕಾಲು ನೆಲದ ಮೇಲಿಲ್ಲ. ಸೊಸೆ ಸಣ್ಣ ಬ್ರಶ್ಶು, ಪೇಸ್ಟು ತಂದಿಟ್ಟಿದ್ದಳು. ತಿಕ್ಕುವುದೇ ಮುಖ್ಯ, ಆದರೆ ಹುಳುಕು ಹಿಡಿಯದ ಹಾಗೆ ಕಾಯುವ ಮದ್ದು ಪೇಸ್ಟಿನಲ್ಲಿದೆ, ಅಕ್ಕಿಕಾಳಿನಷ್ಟು ಸಾಕು ಎಂದು ಹಲ್ಲಿನ ಡಾಕ್ಟರು ಹೇಳಿದ್ದರಂತೆ. ನಾನು ಕೇಳಬೇಕಲ್ಲ! ಒಳ್ಳೆ ಹಲ್ಲಿನವಳ ಕೈಯಿಂದಲೇ ಮೊದಲು ತಿಕ್ಕಿಸಬೇಕೆಂದು ಮಗುವನ್ನೆತ್ತಿಕೊಂಡು ಅಕ್ಕನ ಬಾವಿಕಟ್ಟೆಗೆ ಓಡಿದೆ.

ಬೆರಳಿಗೆ ಕರಿ ಮುಟ್ಟಿಸಿಕೊಂಡ ಅಕ್ಕ ಮಗುವಿನ ಬಾಯಿ ಕಂಡು ನಿಂತುಬಿಟ್ಟಳು. "ಬ್ಯಾಡ ಮಾರಾಯ್ತಿ. ಸೊಸೆ ಹೇಳ್ದಾಂಗೆ ಮಾಡು." ಕೈ ತೊಳೆದು, ತನ್ನ ಬಾಯಿಗೇ ಬೆರಳು ಹಾಕಿ ಹಲ್ಲಿನ ಸೆಟ್ಟನ್ನೇ ಹೊರಗೆ ತೆಗೆದಳು.

ಬೊಂಬಾಯಿಗೆ, ತಮ್ಮನ ಹೋಟೆಲಿಗೆ ಹೋಗಿದ್ದಾಗ ಕಟ್ಟಿಸಿದ್ದಂತೆ. "ಊರಿಗೆ ಬಂದ್ ಕೂಡ್ಲೆ ನೀವೆಲ್ಲ ಹೊಗಳೂಕೆ ಶುರು ಮಾಡ್ದ್ರಿ. ಹೇಳೂಕೆ ನಾಚ್ಕಿ ಆಯ್ತ್."

"ನನ್ನ ಹಲ್ಲು ಹೋಪಾಗಲೂ ನಾಚ್ಕಿಯಾ ಅಕ್ಕ?"

ಅವಳು ಸೆಟ್ಟನ್ನು ತೊಳೆದು ಮತ್ತೆ ಬಾಯಿಗಿಟ್ಟುಕೊಂಡಳು. ನಾನು ಮಾತು ಬಿಟ್ಟೆ, ಮೀನನ್ನೂ ಬೇರೆಯವರ ಹತ್ತಿರ ಕೊಂಡೆ.

ಈ ಮಳೆಗಾಲದ ಕೊನೆಗೆ ಅಕ್ಕ ತೀರಿಕೊಂಡಳು. ನಾನು ಹೋದಾಗ ಅವಳ ಸೊಸೆ ಕಂಗಾಲಾಗಿದ್ದಳು. "ಅತ್ತೆ ಹಲ್ಲು ಕಾಣ್ತಿಲ್ಲೆ ಚಿಕ್ಕಮ್ಮ. ಜನ ಬಪ್ಪು ಹೊತ್ತಾಯ್ತ್." ಬಾವಿಕಟ್ಟೆಗೆ ಹೋಗಿ ನೋಡಿದೆ. ಕರಟದಲ್ಲಿ ಸೆಟ್ಟು, ಪಕ್ಕದಲ್ಲೇ ಅರ್ಧ ಮುಗಿದ ಪೇಸ್ಟು. ಅದಕ್ಕೂ ಪೇಸ್ಟೇ, ಕಾಣಿ!

ತೊಳೆದು, ನಾನೇ ಅವಳ ಬಾಯಿಗಿಟ್ಟೆ. ಬಂದವರೆಲ್ಲ, "ಈ ಪ್ರಾಯದಲ್ಲೂ ಎಂಥಾ ಹಲ್ಲು! ಉಮಿಕರಿದೇ ಗುಣ" ಅಂದರು. ನನ್ನ ಸಿಟ್ಟು ಇನ್ನೂ ಆರಿಲ್ಲ. ಆದರೂ ಅಕ್ಕನ ಗುಟ್ಟು ಬಿಡಲಿಲ್ಲ. "ಮಕ್ಕಳಿಗೆ ಪೇಸ್ಟೇ ಹಾಕಿ, ಅಕ್ಕ ಕೊನೆಗೆ ಹೇಳಿದ್ದು ಅದೇ" ಎಂದೆ. ಸೊಂಟದ ಮೇಲಿದ್ದ ಮೊಮ್ಮಗಳು, ಸಾವಿನ ಮನೆಯೆಂದೂ ತಿಳಿಯದೆ, ಇದ್ದಷ್ಟೂ ಹಲ್ಲು ತೋರಿಸಿ ನಕ್ಕಳು.