ಚಿಕ್ಕಬೈರಪ್ಪನವರ ಬಂದೂಕು ಪಾಠ

ನಮ್ಮ ದೇಶದಲ್ಲಿ ಬಂದೂಕು ಯಾರ ಹಕ್ಕೂ ಅಲ್ಲ, ಸರ್ಕಾರ ಪರವಾನಗಿ ಕೊಟ್ಟರೆ ಮಾತ್ರ ಇಟ್ಟುಕೊಳ್ಳಬಹುದು. ಇದನ್ನು ವರ್ತೂರಿನ ಚಿಕ್ಕಬೈರಪ್ಪನವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಹೊಲವಿದ್ದಲ್ಲಿ ಎಂಟು ಬಾಡಿಗೆ ಮನೆ ಕಟ್ಟಿಸಿರುವ ಈ ಯಜಮಾನರು, ಅಪ್ಪನ ಕಾಲದಲ್ಲಿ ಕಾಡುಹಂದಿ ಕಾಟಕ್ಕೆಂದು ಪಡೆದ ಬಂದೂಕನ್ನು ಇನ್ನೂ ಬಿಟ್ಟಿಲ್ಲ; ಸಾಲದ್ದಕ್ಕೆ ‘ಮನೆಗೊಂದು ಬಂದೂಕು ಕೊಡಿ’ ಎಂಬ ಮನವಿ ಹಿಡಿದು ಬೀದಿಯವರ ಸಹಿ ಕೇಳುತ್ತಾ ತಿರುಗುತ್ತಾರೆ. ಗಂಡಸರಿಗೆ ಒಂದು ಮಾತು: “ಕಳ್ಳ ಏನ್ ಲೈಸೆನ್ಸ್ ತಕ್ಕಂಡ್ ಬತ್ತಾನಾ ಸಾರ್?” ಹೆಂಗಸರಿಗೆ ಇನ್ನೊಂದು: “ನೀವೊಬ್ರೇ ಇರ್ತೀರ ಮೇಡಂ, ಪೊಲೀಸ್ನೋರು ಬರೋವೊತ್ಗೆ ಏನ್ ಉಳ್ದಿರ್ತದೆ?” ಎದುರಾಡಿದರೆ, “ಅಂಗಾರೆ ಈಳಿಗೆಮಣೇನೂ ಬ್ಯಾನ್ ಮಾಡ್ಸಿ!” ಅವರ ಕಥೆಯಲ್ಲಿ ಹೋದ ವರ್ಷ ಇಬ್ಬರು ಕಳ್ಳರಿದ್ದರು, ಈಗ ಹನ್ನೊಂದು ಮಂದಿ, ಕಳುವಾದದ್ದು ಮಾತ್ರ ಅದೇ ಒಂದು ನೀರಿನ ಮೋಟಾರು. ಆಯುಧಪೂಜೆಯಲ್ಲಿ ಬಂದೂಕಿಗೆ ಕಾರಿಗಿಂತ ದೊಡ್ಡ ಹಾರ. ಚುನಾವಣೆ ಬಂದು, ನಿಯಮದಂತೆ ಅದನ್ನು ಠಾಣೆಗೆ ಒಪ್ಪಿಸಿ ಬಂದ ದಿನದಿಂದ ಅವರಿಗೆ ಊಟ ಸೇರದು: “ಬರಿಗೈಲಿ ಕೂರ್ಸವ್ರೆ ಗುರು!” ಈ ಸಲ ಅದೇ ದಿನಗಳಲ್ಲಿ ಅವರ ಹೆಂಡತಿ ಅಶ್ವತ್ಥಮ್ಮ, ಬಾಡಿಗೆಗಿರುವ ಸೌಮ್ಯಾಳ ಹತ್ತಿರ ನಗುತ್ತಲೇ ಹೇಳಿದ್ದು ನನ್ನ ಕಿವಿಗೂ ಬಿತ್ತು: “ಎಲೆಕ್ಷನ್ ಬಂದ್ರೆ ನಂಗೆ ಜೀವ ಬಂದಂಗಾಯ್ತದೆ ಕಣವ್ವ. ಬಂದೂಕು ಠಾಣೇಲಿರೋ ಆ ಒಂದ್ ತಿಂಗ್ಳು ಅವ್ರಿಗೆ ಎದುರುತ್ತರ ಕೊಡ್ತೀನಿ.” ನಾಳೆ ಆ ಮನವಿಯ ಹಾಳೆ ನಿಮ್ಮ ಬಾಗಿಲಿಗೂ ಬರುತ್ತದೆ. ಮನೆ ಮಾಲೀಕರು, ಹಿರಿಯರು, ನೊಂದುಕೊಳ್ಳುತ್ತಾರೆ ಎಂದು ಸಹಿ ಹಾಕಿಬಿಡಬೇಡಿ. ಅವರ ಮುಖ ನೋಡಿ “ಆಗಲ್ಲ ಯಜಮಾನ್ರೆ” ಅನ್ನಿ.