ಎಣಿಸದೆ ಇಟ್ಟ ಚಕ್ಕೆಗಳು

ವಾಡಿಯಲ್ಲಿ ಅಮೃತಪ್ಪನ ಬಗ್ಗೆ ಯಾರನ್ನು ಕೇಳಿದರೂ ಮೊದಲು ಹೇಳುವುದು ಅವನ ಕೊಡೆಯ ವಿಷಯ. ಸುಡುಬಿಸಿಲಿರಲಿ, ಚಳಿಯಿರಲಿ, ಕೊಡೆ ಕಂಕುಳಲ್ಲಿ ಇರಲೇಬೇಕು. ಒಂಬತ್ತೂವರೆಯ ಗಾಡಿಗೆ ಎಂಟೂವರೆಗೇ ಸ್ಟೇಷನ್ನಿನ ಬೆಂಚು ಹಿಡಿಯುವ ಆಸಾಮಿ. ಮಗ ಲಕ್ಷ್ಮಿಕಾಂತ ಮೋಟಾರು ಸೈಕಲ್ ಕೊಳ್ಳುತ್ತೇನೆ ಎಂದಾಗ ಒಂದು ವರ್ಷ ತಡಿ ಎಂದ. ಆ ವರ್ಷ ಕಳೆದ ಮೇಲೆ ಇನ್ನೊಂದು ವರ್ಷ ತಡಿ ಎಂದ. ಸೊಸೆ ಸರಿತಾ ಎಷ್ಟು ರುಚಿಯಾಗಿ ಮಾಡಿ ಬಡಿಸಿದರೂ ಮೊದಲ ತುತ್ತು ಅನುಮಾನದಿಂದಲೇ ಬಾಯಿಗೆ ಹೋಗುತ್ತದೆ. ಇಂಥವನು ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ ಹಿಂದೆ ಮುಂದೆ ನೋಡದೆ ಒಂದು ಕೆಲಸ ಮಾಡಿದ, ಅದೂ ಇಸ್ಪೀಟಿನ ಆಟದಲ್ಲಿ. ಮೂವತ್ತೈದು ವರ್ಷ ಕಳೆದರೂ ಅದು ಅವನಿಗೆ ಜೀರ್ಣವಾಗಿರಲಿಲ್ಲ.

ಆ ಗುಟ್ಟು ಒಬ್ಬನಿಗೆ ಮಾತ್ರ ಹೇಳಬೇಕಾದದ್ದು. ಅವನು ಶಹಾಬಾದಿನ ಮಜೀದಸಾಬ. ಪ್ರತಿ ಭಾನುವಾರ ಅಮೃತಪ್ಪ ಇಂದು ಹೇಳಿಯೇ ಬಿಡುತ್ತೇನೆ ಎಂದುಕೊಂಡು ಗಾಡಿ ಹತ್ತುತ್ತಾನೆ. ಚಹಾ ಕುಡಿಯುತ್ತಾನೆ, ಅದು ಇದು ಹರಟುತ್ತಾನೆ, ಹೇಳದೆಯೇ ಮಧ್ಯಾಹ್ನದ ಗಾಡಿಗೆ ವಾಪಸು ಬರುತ್ತಾನೆ. ಆದರೆ ಈಚೆಗೆ ಮಜೀದಸಾಬನ ಉಸಿರು ಕಡಿಮೆಯಾಗುತ್ತ ಬಂದಿತ್ತು. ಮಂಚದಿಂದ ಬಾಗಿಲಿಗೆ ನಡೆದರೆ ಸಾಕು, ಎದೆ ಹಿಡಿದುಕೊಂಡು ನಿಲ್ಲುತ್ತಿದ್ದ. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ, ಇನ್ನು ಅದು ಹೋಗುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಆ ಧೂಳು ನಿಜವಾಗಿ ತನ್ನ ಎದೆಗೆ ಸೇರಬೇಕಾದದ್ದು ಎಂಬುದೇ ಅಮೃತಪ್ಪನ ಸಂಕಟ.

ಅಮೃತಪ್ಪ ಮೂಲತಃ ಸೇಡಂ ಕಡೆಯ ಆಡಕಿಯವನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಶಹಾಬಾದಿಗೆ ಬಂದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಗೆ ಸೇರಿದ. ಮೊದಲ ದಿನ ಅವನ ಕೈಗೆ ಉಳಿ ಕೊಟ್ಟು, ಪದರ ಒಡೆಯದಂತೆ ಕಲ್ಲು ಎಬ್ಬಿಸುವುದು ಹೇಗೆಂದು ತೋರಿಸಿದವನು ಮಜೀದಸಾಬ. ಅವನಿಗೆ ಇವನಿಗಿಂತ ಒಂದೇ ವರ್ಷ ಹೆಚ್ಚು ವಯಸ್ಸು, ಧೈರ್ಯ ಮಾತ್ರ ಹತ್ತು ಪಟ್ಟು. ಮಧ್ಯಾಹ್ನ ಭೋಂಗಾ ಕೂಗಿದರೆ ಎಲ್ಲರೂ ಬೇವಿನ ಮರದ ನೆರಳಿಗೆ ಬರುತ್ತಿದ್ದರು. ಜೋಳದ ರೊಟ್ಟಿ, ಖಾರದ ಶೇಂಗಾ ಹಿಂಡಿ, ಕಡಿಯಲು ಒಂದು ಉಳ್ಳಾಗಡ್ಡಿ. ಊಟ ಮುಗಿದದ್ದೇ ಚಪ್ಪಟೆ ಕಲ್ಲೊಂದನ್ನು ನಡುವೆ ಎಳೆದುಕೊಂಡು ಮೂರೆಲೆಯ ಆಟ. ಆ ಬೇವಿನ ಮರವೂ ಈಗಿಲ್ಲ, ಖಣಿಯೂ ನೀರು ತುಂಬಿ ನಿಂತಿದೆ. ಆದರೂ ಶೇಂಗಾ ಹಿಂಡಿಯ ವಾಸನೆ ಬಂದರೆ ಸಾಕು, ಅಮೃತಪ್ಪನ ಕಿವಿಯಲ್ಲಿ ಭೋಂಗಾ ಕೂಗುತ್ತದೆ.

ದುಡ್ಡಿಟ್ಟು ಆಡಿದರೆ ಮನೆಯ ಹೊಸ್ತಿಲು ದಾಟಬೇಡ ಎಂದು ಮಜೀದಸಾಬನ ಹೆಂಡತಿ ಹಸೀನಾಬೇಗಂ ಮದುವೆಯಾದ ವಾರದಲ್ಲೇ ಆಣೆ ಹಾಕಿಸಿಕೊಂಡಿದ್ದಳು. ಹಾಗಾಗಿ ಅವರು ಆಡುತ್ತಿದ್ದದ್ದು ಕಲ್ಲಿನ ಚಕ್ಕೆಗಳಲ್ಲಿ. ಉಳಿ ಬಿದ್ದಲ್ಲೆಲ್ಲ ಚಿಮ್ಮುವ ತೆಳ್ಳನೆಯ ನೀಲಿ ಚಕ್ಕೆಗಳು. ಆಟಕ್ಕೆ ಮೊದಲು ಎಲ್ಲರಿಗೂ ಸಮನಾಗಿ ಹಂಚುವುದು, ಮುಗಿದ ಮೇಲೆ ಎಲ್ಲವನ್ನೂ ಖಣಿಗೇ ಎಸೆಯುವುದು. ಇನ್ನೊಂದು ಕಟ್ಟಳೆಯೂ ಇತ್ತು: ಸೋಲೊಪ್ಪಿ ಎಲೆ ಒಗೆದವನ ಎಲೆಯನ್ನು ಯಾರೂ ತೆರೆದು ನೋಡಬಾರದು. ಅವನು ಯಾಕೆ ಒಗೆದ ಎಂಬುದು ಅವನ ಮರ್ಯಾದೆಗೆ ಬಿಟ್ಟದ್ದು. ತಡೆಯಲಾರದೆ ತೆರೆದು ನೋಡಿದವನು ಅಂದು ಎಲ್ಲರಿಗೂ ಚಹಾ ಹೊತ್ತು ತರಬೇಕು.

ಅಮೃತಪ್ಪ ಆಡುವುದನ್ನು ನೋಡಿದರೆ ಎಂಥವರಿಗೂ ನಿದ್ದೆ ಬರಬೇಕು. ಎಲೆ ಚೆನ್ನಾಗಿಲ್ಲದಿದ್ದರೆ ತಕ್ಷಣ ಒಗೆಯುತ್ತಿದ್ದ. ಚೆನ್ನಾಗಿದ್ದರೂ ಎರಡು ಸಲ ಯೋಚಿಸಿ, ಚಕ್ಕೆಗಳನ್ನು ಒಂದೊಂದಾಗಿ ಎಣಿಸಿ, ಸಾಲಾಗಿ ಜೋಡಿಸಿ, ಆಮೇಲೆ ಮುಂದಕ್ಕೆ ತಳ್ಳುತ್ತಿದ್ದ. ಮಜೀದಸಾಬ ತನ್ನ ಎಲೆಯ ಮುಖವನ್ನೂ ನೋಡದೆ ಮುಷ್ಟಿ ಮುಷ್ಟಿ ಚಕ್ಕೆ ಒಗೆದು, "ಬರ್ರಿ, ಯಾರ ಎದ್ಯಾಗ ದಮ್ ಅದ ಬರ್ರಿ" ಎಂದು ಗಹಗಹಿಸುತ್ತಿದ್ದ. ಕೈಯಲ್ಲಿ ಏನೂ ಇಲ್ಲದಿದ್ದರೂ ದಿನಕ್ಕೆ ಹತ್ತು ಸಲ ಎಲ್ಲರನ್ನೂ ಹೆದರಿಸಿ ಓಡಿಸುತ್ತಿದ್ದ. ಅವನ ಬದುಕೂ ಹಾಗೇ ನಡೆಯಿತು. ಖಣಿ ಬಿಟ್ಟ ಮೇಲೆ ಚಿಂಚೋಳಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟ, ಮುಚ್ಚಿದ. ಚಿತ್ತಾಪುರದಲ್ಲಿ ಹಳೆಯ ಟೆಂಪೋ ಓಡಿಸಿದ, ಅದೂ ನಿಂತಿತು. ಬಿದ್ದಾಗಲೆಲ್ಲ ನಕ್ಕೇ ಎದ್ದ.

ಅಂದಿನ ಆ ಆಟದ ಸಂಗತಿ ಇಷ್ಟು. ಖಣಿಯ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಸೂಗಪ್ಪ ಒಂದು ಮಧ್ಯಾಹ್ನ ಬಂದು, ಕಲ್ಲು ಕೊಯ್ಯುವ ಮಷೀನಿಗೆ ಒಬ್ಬ ಆಳು ಬೇಕು ಎಂದ. ಮಷೀನಿನ ಕೆಲಸವೆಂದರೆ ತಗಡಿನ ನೆರಳು, ಅಲಗಿನ ಮೇಲೆ ಸದಾ ಸುರಿಯುವ ನೀರು. ಧೂಳು ಏಳುವುದಿಲ್ಲ. ಖಣಿಯ ತೆಗ್ಗಿನಲ್ಲಿ ದುಡಿಯುವವರಿಗೆ ಅದು ಸ್ವರ್ಗ.

"ನಿಮ್ಮಿಬ್ಬರ ಕೈ ಛಲೋ ಅದ. ಯಾರು ಬರ್ತೀರಿ ನೀವೇ ಹೇಳ್ರಿ" ಎಂದು ಸೂಗಪ್ಪ ಹೊರಟುಹೋದ.

ನೀ ಹೋಗು ಎಂದು ಇವನು, ನೀ ಹೋಗು ಎಂದು ಅವನು. ಭೋಂಗಾ ಕೂಗುವ ಹೊತ್ತಾಯಿತು. ಕೊನೆಗೆ ಒಂದೇ ಆಟ, ಗೆದ್ದವನು ಮಷೀನಿಗೆ ಎಂದಾಯಿತು. ಅಮೃತಪ್ಪನಿಗೆ ಬಂದದ್ದು ಎರಡು, ಐದು, ಒಂಬತ್ತು. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಬೇರೆ ದಿನವಾಗಿದ್ದರೆ ಮುಟ್ಟಿದ ಕೂಡಲೇ ಒಗೆಯುತ್ತಿದ್ದ. ಅಂದು ಏನು ಮೈಮೇಲೆ ಬಂತೋ, ತನ್ನ ಮುಂದಿದ್ದ ಚಕ್ಕೆಗಳಷ್ಟನ್ನೂ ಎರಡೂ ಕೈಯಿಂದ ಬಾಚಿ ನಡುವೆ ತಳ್ಳಿಬಿಟ್ಟ. ಮಜೀದಸಾಬ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಯಾವತ್ತೂ ಹೆದರದ ಆ ಮನುಷ್ಯ ತನ್ನ ಎಲೆಗಳನ್ನು ಮಗುಚಿ ಒಗೆದು ಎದ್ದುಹೋದ. ಅಮೃತಪ್ಪ ಮಷೀನಿಗೆ ಹೋದ. ಮಜೀದಸಾಬ ಇನ್ನೂ ಹನ್ನೆರಡು ವರ್ಷ ತೆಗ್ಗಿನಲ್ಲಿ ಧೂಳು ಕುಡಿದ.

ಅಮೃತಪ್ಪ ಅದನ್ನು ಮೋಸ ಎಂದೇ ತಿಳಿದಿದ್ದ. ಆಟದಲ್ಲಿ ಹೆದರಿಸುವುದು ಮೋಸವಲ್ಲ ಎಂದು ತಲೆಗೆ ಗೊತ್ತಿತ್ತು, ಮನಸ್ಸಿಗೆ ಮಾತ್ರ ಗೊತ್ತಾಗಲಿಲ್ಲ.

ಮೊನ್ನೆಯ ಭಾನುವಾರ ಹೋದಾಗ ಮಜೀದಸಾಬ ಗೋಡೆಗೆ ದಿಂಬು ಒರಗಿಸಿಕೊಂಡು ಟಿವಿ ನೋಡುತ್ತಿದ್ದ. ಕಾಲೇಜಿಗೆ ಹೋಗುವ ಮೊಮ್ಮಗಳು ಮಹೆವಿಶ ಅಜ್ಜನಿಗಾಗಿ ಯಾವುದೋ ದೇಶದ ಪೋಕರ್ ಎಂಬ ಇಸ್ಪೀಟಿನ ಪಂದ್ಯ ಹಾಕಿಕೊಟ್ಟಿದ್ದಳು. ಹಸಿರು ಮೇಜು, ಸುತ್ತ ದೀಪ, ಪಣಕ್ಕಿಡುವ ಬಣ್ಣಬಣ್ಣದ ಬಿಲ್ಲೆಗಳ ಗೋಪುರ. ಎಲ್ಲರೂ ಎದ್ದುಹೋಗಿ ಕೊನೆಗೆ ಇಬ್ಬರೇ ಉಳಿದಿದ್ದರು: ಟೋಪಿ ಹಾಕಿದ ಒಬ್ಬ ಮುದುಕ, ಕರಿ ಕನ್ನಡಕದ ಒಬ್ಬ ಹುಡುಗ.

"ಬರ್ರಿ ಅಜ್ಜಾ, ಕುಂದ್ರಿ," ಎಂದಳು ಮಹೆವಿಶ. "ಈ ಮುದುಕ ಭಾಳ ಟೈಟ್ ಆಡ್ತಾನ, ಬರೇ ಒಗೀತಾನ. ಆ ಹುಡುಗ ಅಗ್ರೆಸಿವ್. ಎಲಿ ಹ್ಯಾಂಗರ ಇರಲಿ, ಏರಸ್ತಾನ ಇರ್ತಾನ."

"ಅಂದ್ರ ಮುದುಕ ನಮ್ಮ ಅಮೃತ್ಯಾ, ಹುಡುಗ ನಾನು" ಎಂದ ಮಜೀದಸಾಬ. ನಗು ಕೆಮ್ಮಾಯಿತು. ಹಸೀನಾಬೇಗಂ ನೀರು ತಂದು ಕುಡಿಸಿದಳು.

ವಿಚಿತ್ರವೆಂದರೆ ಅಮೃತಪ್ಪ ಹುಡುಗ ಗೆಲ್ಲಲಿ ಎಂದು ಕೂತಿದ್ದ. ಮಜೀದಸಾಬ ಮುದುಕನ ಕಡೆ. ಮುದುಕ ಎಲೆ ಒಗೆದಾಗಲೆಲ್ಲ "ಶಹಬ್ಬಾಸ್, ಕಾದು ಆಡು, ಅವಸರ ಬ್ಯಾಡ" ಎಂದು ಟಿವಿಗೇ ಬುದ್ಧಿ ಹೇಳುತ್ತಿದ್ದ.

"ನೀ ಯಾವಾಗಿನಿಂದ ಕಾದು ಆಡೋರ ಪಾರ್ಟಿ ಆದಿ?" ಎಂದ ಅಮೃತಪ್ಪ.

"ಮೊದಲಿಂದನೂ ನೋಡೂದು ನಿನ್ನ ಆಟನೇ. ನನ್ನ ಆಟ ನಾ ಯಾಕ ನೋಡ್ಲಿ?"

ಖಣಿಯ ಬೇವಿನ ಮರದ ಕೆಳಗೆ ಇಲ್ಲದ ಸೌಲಭ್ಯವೊಂದು ಈ ಟಿವಿಯ ಆಟಕ್ಕಿತ್ತು. ಆಡುವವರಿಗೆ ಒಬ್ಬರ ಎಲೆ ಒಬ್ಬರಿಗೆ ಕಾಣದು, ನೋಡುವವರಿಗೆ ಮಾತ್ರ ಎಲ್ಲರ ಎಲೆಯೂ ಕಾಣುತ್ತದೆ. ಹುಡುಗನಿಗೆ ರಾಣಿಯ ಜೋಡಿ ಬಂದಿತ್ತು. ಮುದುಕನಿಗೆ ಎರಡು ಮತ್ತು ಏಳು. ಆ ಆಟದಲ್ಲಿ ಅದಕ್ಕಿಂತ ದರಿದ್ರ ಎಲೆ ಇಲ್ಲ ಎಂದು ಮಹೆವಿಶ ಹೇಳುತ್ತಿದ್ದಂತೆಯೇ ಮುದುಕ ತನ್ನ ಬಿಲ್ಲೆಗಳಷ್ಟನ್ನೂ ಎರಡೂ ಕೈಯಿಂದ ನಡುವೆ ತಳ್ಳಿದ. ಹುಡುಗ ಕನ್ನಡಕ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಇಷ್ಟು ಹೊತ್ತು ಒಗೆಯುತ್ತಲೇ ಬಂದವನು ಈಗ ಇಷ್ಟು ಇಟ್ಟಿದ್ದಾನೆಂದರೆ ಸುಮ್ಮನೆ ಇಟ್ಟಿರಲಾರ ಎಂದುಕೊಂಡಿರಬೇಕು. ರಾಣಿಯರನ್ನು ಮಗುಚಿ ಒಗೆದ.

ಮಹೆವಿಶ ಚಪ್ಪಾಳೆ ತಟ್ಟಿದಳು. ಮೂವತ್ತೈದು ವರ್ಷ ತಾನು ಮುಚ್ಚಿಟ್ಟದ್ದನ್ನು ಯಾರೋ ದೀಪ ಹಾಕಿ ಊರಿಗೆಲ್ಲ ತೋರಿಸಿದ ಹಾಗಾಯಿತು ಅಮೃತಪ್ಪನಿಗೆ.

"ಮಜೀದ, ಅವತ್ತು ನನ್ನ ಕೈಯಾಗ ಏನೂ ಇರಲಿಲ್ಲೋ," ಎಂದ. ಯಾವತ್ತು ಎಂದು ಮಜೀದಸಾಬ ಕೇಳಲಿಲ್ಲ. "ಎರಡು, ಐದು, ಒಂಬತ್ತು. ಸುಮ್ಮ ಹೆದರಿಸಿದೆ. ಆ ಮಷೀನು ನಿಂದಿತ್ತು. ಈ ಕೆಮ್ಮು ನಂದಿತ್ತು."

ಹೇಳುತ್ತಿದ್ದಂತೆ ಅಳು ಬಂತು. ಎಪ್ಪತ್ತರ ಹತ್ತಿರದ ಗಂಡಸು, ಮಹೆವಿಶಳ ಎದುರಿಗೇ ಅತ್ತ. ಮಜೀದಸಾಬ ಟಿವಿಯ ಸದ್ದು ಕಡಿಮೆ ಮಾಡಿಸಿದ.

"ಗೊತ್ತದ. ಅವತ್ತೇ ಗೊತ್ತಿತ್ತು" ಎಂದ.

"ಹ್ಯಾಂಗ?"

"ನೀ ಚಕ್ಕಿ ಎಣಿಸಲಿಲ್ಲ. ಎಲಿ ಛಲೋ ಇದ್ದಾಗ ನೀ ಒಂದೊಂದೇ ಎಣಿಸಿ ಇಡಾಂವ. ಅವತ್ತು ಬಾಚಿ ಒಗದಿ. ಏನೂ ಇಲ್ಲ ಅಂತ ಅಲ್ಲೇ ತಿಳೀತು."

"ತಿಳಿದೂ ಯಾಕ ಎಲಿ ಒಗದಿ?"

ಮಜೀದಸಾಬ ಉಸಿರು ಕೂಡಿಸಿಕೊಂಡ. "ಜಲ್ಮದಾಗ ಒಮ್ಮೆ ನೀ ಧೈರ್ಯ ಮಾಡಿದ್ದಿ ಅಮೃತ್ಯಾ. ನಾ ಎಲಿ ತೆರೆದು ನಿನ್ನ ಸೋಲಿಸಿದ್ದರ ನೀ ಮತ್ತ ಯಾವತ್ತೂ ಧೈರ್ಯಕ್ಕ ಕೈ ಹಾಕತಿರಲಿಲ್ಲ."

"ನಿನ್ನ ಕೈಯಾಗ ಏನಿತ್ತು?"

"ನಾ ಎಲ್ಲಿ ನೋಡೀನಿ? ನಾ ಯಾವಾಗ ಎಲಿ ನೋಡಿ ಆಡೀನಿ ಹೇಳು" ಎಂದು ಮಜೀದಸಾಬ ಛಾವಣಿಯ ಕಡೆ ನೋಡಿದ. ಸುಳ್ಳು ಹೇಳುವಾಗ ಅವನು ಮೇಲೆ ನೋಡುತ್ತಾನೆ ಎಂಬುದು ಅಮೃತಪ್ಪನಿಗೆ ಗೊತ್ತಿಲ್ಲದ್ದೇನಲ್ಲ.

"ತಾ ಬೇಟಾ, ಇಸ್ಪೀಟ ತಾ" ಎಂದ ಮಜೀದಸಾಬ ಮೊಮ್ಮಗಳಿಗೆ. ಚಕ್ಕೆ ಎಲ್ಲಿಂದ ಬರಬೇಕು? ಹಸೀನಾಬೇಗಂ ಡಬ್ಬಿಯಿಂದ ಒಂದು ಹಿಡಿ ಶೇಂಗಾ ತಂದು ಇಬ್ಬರ ಮುಂದೆಯೂ ಸುರಿದಳು. ಮಹೆವಿಶ ಮೂರು ಮೂರು ಎಲೆ ಹಾಕಿದಳು.

ಅಮೃತಪ್ಪ ತನ್ನ ಎಲೆಗಳನ್ನು ಮುಟ್ಟಲೂ ಇಲ್ಲ. ಮುಂದಿದ್ದ ಶೇಂಗಾವನ್ನೆಲ್ಲ ಬಾಚಿ ನಡುವೆ ತಳ್ಳಿದ. ಮಜೀದಸಾಬ ಕನ್ನಡಕ ಹುಡುಕಿ ಹಾಕಿಕೊಂಡು, ಎಲೆಗಳನ್ನು ಮೂಗಿನ ಹತ್ತಿರ ಹಿಡಿದು ಒಂದೊಂದಾಗಿ ನೋಡಿದ. ಆಮೇಲೆ ಮೂರನ್ನೂ ಮಗುಚಿ ಒಗೆದ.

"ಹೋಗ್ಲಿ ಬಿಡು, ನೀನ ಗೆದ್ದಿ."

ಅಮೃತಪ್ಪನ ಕೈ ತಾನೇ ಮುಂದೆ ಹೋಯಿತು. ಒಗೆದವನ ಎಲೆ ತೆರೆಯಬಾರದೆಂಬ ಕಟ್ಟಳೆಯನ್ನು ಜೀವಮಾನದಲ್ಲಿ ಒಮ್ಮೆಯೂ ಮುರಿಯದವನು ಅವನೊಬ್ಬನೇ. ಈಗ ಮುರಿದ. ಎರಡು ಎಕ್ಕ, ಒಂದು ಹತ್ತು. ಗೆಲ್ಲುವಂಥ ಎಕ್ಕದ ಜೋಡಿಯನ್ನು ನೋಡಿಯೂ ಒಗೆದಿದ್ದ.

"ಅವತ್ತೂ ನೀ ನೋಡಿದ್ದಿ" ಎಂದ ಅಮೃತಪ್ಪ.

ಮಜೀದಸಾಬ ನಡುವಿನ ರಾಶಿಯಿಂದ ಒಂದು ಶೇಂಗಾ ತೆಗೆದು ಬಾಯಿಗೆ ಹಾಕಿಕೊಂಡ.

"ಎಲಿ ತೆರದಿ. ಚಾ ತರೂದು ನಿಂದು."

ಅಮೃತಪ್ಪ ಕಣ್ಣೊರೆಸಿಕೊಂಡು ಎದ್ದ. ಚಹಾದ ತಟ್ಟೆ ಹಿಡಿದು ಬಂದ ಹಸೀನಾಬೇಗಂ, "ನೀವ್ಯಾಕ ಭಾಯ್, ನೀವು ಕುಂದ್ರಿ" ಎಂದಳು. ಅವನು ಕೇಳಲಿಲ್ಲ. ತಟ್ಟೆ ಇಸಿದುಕೊಂಡು, ನಾಲ್ಕು ಕಪ್ಪು ಚಹಾವನ್ನು ಒಂದು ಹನಿ ಚೆಲ್ಲದ ಹಾಗೆ ಹೊತ್ತು ತಂದು, ಮೊದಲ ಕಪ್ಪನ್ನು ಮಜೀದಸಾಬನ ಕೈಗೆ ಕೊಟ್ಟ.